ಬಾಬಾದಾಗ್‌ನ ಮಗ್ಗದಿಂದ ಮನಿಸಾದ ಟಿವಿ ಫ್ಯಾಕ್ಟರಿವರೆಗೆ

ಟರ್ಕಿಯ ಡೆನಿಜ್ಲಿಗೆ ಹೋಗೋರೆಲ್ಲ ಪಾಮುಕ್ಕಲೆ ನೋಡೋಕೆ ಅಂತಾನೇ ಹೋಗ್ತಾರೆ. ಬೆಟ್ಟದ ತುಂಬ ಬಿಳಿ ಸುಣ್ಣದ ಮೆಟ್ಟಿಲು, ಅದರಲ್ಲಿ ನಿಂತ ತಿಳಿನೀಲಿ ನೀರು. ನಾವೂ ನೋಡಿದ್ವಿ, ಚೆನ್ನಾಗಿದೆ, ಬೆಳಗ್ಗೆ ಬೇಗ ಹೋದ್ರೆ ಜನಾನೂ ಕಮ್ಮಿ. ಆದ್ರೆ ನಾನು ಹಠ ಹಿಡಿದು ಈ ಕಡೆ ಬಂದಿದ್ದು ಬಾಬಾದಾಗ್ ಅನ್ನೋ ಊರಿಗೋಸ್ಕರ. ಟರ್ಕಿಯ ದೊಡ್ಡ ಉದ್ಯಮಿ, ಜೊರ್ಲು ಗ್ರೂಪ್ ಕಟ್ಟಿದ ಅಹ್ಮೆತ್ ನಾಜಿಫ್ ಜೊರ್ಲು ಅವರು 1944ರಲ್ಲಿ ಹುಟ್ಟಿದ ಊರು ಅದು. ವೆಸ್ಟೆಲ್ ಟಿವಿ ಕಂಪನಿ, ಬುರ್ಸಾದ ಪಾಲಿಯೆಸ್ಟರ್ ನೂಲಿನ ಫ್ಯಾಕ್ಟರಿ, ತಾಚ್ ಅನ್ನೋ ಬೆಡ್‌ಶೀಟು ಪರದೆ ಬ್ರ್ಯಾಂಡು, ಕರೆಂಟ್ ತಯಾರಿಸೋ ಕಂಪನಿ, ಇಸ್ತಾಂಬುಲ್‌ನಲ್ಲಿ ಒಂದು ದೊಡ್ಡ ಮಾಲ್, ಇಷ್ಟೆಲ್ಲ ಇರೋ ಜೊರ್ಲು ಗ್ರೂಪಿನ ಬೇರು ಒಂದು ನೇಕಾರರ ಊರಲ್ಲಿದೆ ಅಂತ ಓದಿದಾಗಿಂದ ನನಗೆ ಅಲ್ಲಿಗೆ ಹೋಗಲೇಬೇಕು ಅನಿಸಿತ್ತು. ನಮ್ಮದು ಬನಹಟ್ಟಿ, ಮಗ್ಗದ ಸದ್ದಲ್ಲೇ ಬೆಳೆದವನು ನಾನು. ನಮ್ಮ ಮನೆಯವಳಿಗೂ ಕುತೂಹಲ ಇತ್ತು, "ಆಯ್ತು ನಡೀರಿ, ಪಾಮುಕ್ಕಲೆ ಹೆಂಗೂ ಆಯ್ತಲ್ಲ" ಅಂದ್ಳು.

ಡೆನಿಜ್ಲಿಯಿಂದ ಮಿನಿಬಸ್ ಹತ್ತಿದ್ರೆ ದಾರಿ ಬಯಲು ಬಿಟ್ಟು ಬೆಟ್ಟ ಏರ್ತಾ ಹೋಗುತ್ತೆ. ಊರು ಇರೋದೇ ಇಳಿಜಾರಲ್ಲಿ, ಒಂದು ಮನೆಯ ತಾರಸಿ ಮಟ್ಟಕ್ಕೆ ಇನ್ನೊಂದು ಮನೆಯ ಬಾಗಿಲು, ಓಣಿಗಳು ಎಷ್ಟು ಇಕ್ಕಟ್ಟು ಅಂದ್ರೆ ಎದುರಿಗೆ ಗಾಡಿ ಬಂದ್ರೆ ಗೋಡೆಗೆ ಒರಗಿ ನಿಲ್ಲಬೇಕು. ಉಳುಮೆಗೆ ನೆಲ ಕಮ್ಮಿ, ಇರೋ ನೆಲಾನೂ ನೆಟ್ಟಗೆ ನಿಲ್ಲಲ್ಲ, ಒಂದು ಕಡೆ ಗುಡ್ಡ ನಿಧಾನಕ್ಕೆ ಜಾರ್ತಾ ಇರೋದ್ರಿಂದ ಎಷ್ಟೋ ಮನೆಗಳನ್ನ ಖಾಲಿ ಮಾಡಿಸಿದ್ದಾರೆ. ಇಂಥ ಕಡೆ ಜನ ಏನು ಮಾಡ್ಬೇಕು? ಮಗ್ಗ ಹಾಕಿದ್ರು. ಮೇಲೆ ಸಂಸಾರ, ಕೆಳಗೆ ಮಗ್ಗ. ಓಣೀಲಿ ನಡೀತಾ ಇದ್ರೆ ಕಿಟಕಿಯಿಂದ ಟಕ ಟಕ ಸದ್ದು ಈಗಲೂ ಕೇಳುತ್ತೆ, ನಮ್ಮೂರಿಗಿಂತ ಕಮ್ಮಿ ಇದೆ ಆದ್ರೆ ಸದ್ದು ಅದೇ.

ಒಂದು ಬಾಗಿಲು ತೆರೆದಿತ್ತು, ಒಳಗಿದ್ದ ಯಜಮಾನರು ಕೈ ಮಾಡಿ ಕರೆದ್ರು. ಎರಡು ಹಳೇ ಪವರ್‌ಲೂಮ್, ಲಾಳಿ ಓಡೋ ಜಾತಿಯವೇ, ಕಬ್ಬಿಣದ ಮೇಲೆ ಎಣ್ಣೆ ಮತ್ತೆ ಹತ್ತಿ ಧೂಳು ಸೇರಿ ಕಪ್ಪು ಪದರ ಕಟ್ಟಿತ್ತು. ನಾವು ನಿಂತಿದ್ದಾಗಲೇ ಹಾಸಿನ ಎಳೆ, ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಎಳೆದಿರೋ ನೂಲು, ಒಂದು ಕಡೀತು. ಅವರು ಮಗ್ಗ ನಿಲ್ಲಿಸಿ, ಕೊರಳಲ್ಲಿ ಹಾಕ್ಕೊಂಡಿದ್ದ ನೂಲಿನ ಕಟ್ಟಿನಿಂದ ಒಂದು ತುಂಡು ಎಳೆದು, ಹೆಬ್ಬೆರಳು ತೋರುಬೆರಳ ಮಧ್ಯೆ ಒಂದು ತಿರುವು ಕೊಟ್ಟು ಗಂಟು ಹಾಕಿ, ಬಾಚಣಿಗೆಯಲ್ಲಿ ಎಳೆ ತೂರಿಸಿ ಮತ್ತೆ ಚಾಲೂ ಮಾಡಿದ್ರು, ಪೂರ್ತಿ ಅರ್ಧ ನಿಮಿಷಾನೂ ಆಗಿರಲಿಕ್ಕಿಲ್ಲ. ನಮ್ಮಪ್ಪ ಹಾಕ್ತಿದ್ದ ಗಂಟೇ. ನಾನೂ ಒಂದು ತುಂಡು ನೂಲು ತಗೊಂಡು ಹಾಕಿ ತೋರಿಸಿದೆ, ಅವರು ಜೋರಾಗಿ ನಕ್ಕು ಹೆಗಲು ತಟ್ಟಿ ಚಹಾ ತರಿಸಿದ್ರು. ಮಾತಾಡೋಕೆ ಭಾಷೆ ಇರ್ಲಿಲ್ಲ, ಫೋನಿನ ಅನುವಾದದಲ್ಲಿ ಅಷ್ಟೋ ಇಷ್ಟೋ ಆಯ್ತು.

ಜೊರ್ಲು ಅವರ ತಂದೆ ಹಾಜಿ ಮೆಹ್ಮೆತ್ ಜೊರ್ಲು ಅವರದ್ದೂ ಇಂಥದ್ದೇ ಚಿಕ್ಕ ನೇಯ್ಗೆ ಕೆಲಸ. ಆದ್ರೆ ಮಗ್ಗ ಇದ್ದೋರೆಲ್ಲ ಹತ್ತಾರು ಕಂಪನಿಗಳನ್ನ ಹಿಡಿದಿಟ್ಟುಕೊಳ್ಳೋ ಹೋಲ್ಡಿಂಗ್ ಕಂಪನಿ ಕಟ್ಟಲಿಲ್ಲವಲ್ಲ, ವ್ಯತ್ಯಾಸ ಎಲ್ಲಿ ಆಯ್ತು ಅಂದ್ರೆ ನನ್ನ ಪ್ರಕಾರ ಟ್ರಾಬ್ಜೋನ್‌ನಲ್ಲಿ. ಅದು ಕಪ್ಪು ಸಮುದ್ರದ ದಡದ ಊರು, ಇಲ್ಲಿಂದ ಸಾವಿರ ಕಿಲೋಮೀಟರಿಗೂ ಮೇಲೆ, ದೇಶದ ಇನ್ನೊಂದು ತುದಿ. ಅಹ್ಮೆತ್ ನಾಜಿಫ್ ಹದಿಹರೆಯದಲ್ಲೇ ಅಲ್ಲಿಗೆ ಹೋಗಿ ಬಟ್ಟೆ ಅಂಗಡಿಯಲ್ಲಿ ಕೂತ್ರು. ಊರಲ್ಲಿ ನೇಯ್ದಿದ್ದನ್ನ ಅಲ್ಲಿ ಮಾರೋದು. ನೇಕಾರನಿಗೆ ತನ್ನ ಬಟ್ಟೆ ಯಾರ ಮನೆ ಸೇರುತ್ತೆ ಅಂತ ಗೊತ್ತಿರಲ್ಲ, ಸಾವುಕಾರ ತಗೊಂಡು ಹೋಗ್ತಾನೆ, ಮುಗೀತು. ನಮ್ಮ ಕಡೆ ಎಷ್ಟೋ ಮನೆಗಳು ಅಲ್ಲಿಗೇ ನಿಂತಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಅಂಗಡೀಲಿ ಕೂತ ಹುಡುಗನಿಗೆ ಯಾವ ಬಣ್ಣಕ್ಕೆ ಕೈ ಹೋಗುತ್ತೆ, ಯಾವುದನ್ನ ಮುಟ್ಟಿ ನೋಡಿ ಬಿಡ್ತಾರೆ, ಉದ್ರಿ ಯಾರಿಗೆ ಕೊಡಬಹುದು ಇದೆಲ್ಲ ದಿನಾ ಕಣ್ಣೆದುರಿಗೇ. ಫ್ಯಾಕ್ಟರಿಗಳು ಬಂದಿದ್ದು ಆಮೇಲೆ, ಇಸ್ತಾಂಬುಲ್‌ಗೆ ಹೋಗಿದ್ದು, ಬುರ್ಸಾದಲ್ಲಿ ಕೊರ್ಟೆಕ್ಸ್ ಅಂತ ನೂಲಿನ ಫ್ಯಾಕ್ಟರಿ ಬೆಳೆಸಿದ್ದು, 1990ರಲ್ಲಿ ಹೋಲ್ಡಿಂಗ್ ಮಾಡಿದ್ದು ಎಲ್ಲ.

ಇವರೊಬ್ಬರೇ ಅಲ್ಲ, ಬಾಬಾದಾಗ್‌ನ ಜನ ಬಟ್ಟೆ ಗಂಟು ಹೊತ್ತು ಊರೂರಿಗೆ ಹೋದೋರೇ. ಡೆನಿಜ್ಲಿ ಪೇಟೆಯಲ್ಲಿ ಅವರ ಹೆಸರಲ್ಲೇ ಒಂದು ಮಾರ್ಕೆಟ್ ಇದೆ, ಬಾಬಾದಾಗ್ಲಿಲಾರ್ ಚಾರ್ಶಿಸಿ ಅಂತ, ಟವೆಲ್, ಸ್ನಾನದ ಗೌನ್, ಮೇಜಿನ ಹೊದಿಕೆ ರಾಶಿ ರಾಶಿ. ಒಂದು ಅಂಗಡೀಲಿ ನಮ್ಮ ಮನೆಯವಳು ಆರಿಸಿದ ಟವೆಲ್ ಮೇಲೆ ಜರ್ಮನ್ ಭಾಷೆಯ ಲೇಬಲ್ ಇತ್ತು. ಎಕ್ಸ್‌ಪೋರ್ಟ್ ಆರ್ಡರಲ್ಲಿ ಉಳಿದ ಮಾಲು. ಇಲ್ಲಿ ನೇಯ್ದು, ಇಲ್ಲೇ ಬೇರೆಯವರ ಹೆಸರು ಹೊಲಿದು ಕಳಿಸ್ತಾರೆ. ಈ ಲೇಬಲ್ ವಿಷಯ ತಲೇಲಿ ಇಟ್ಕೊಳ್ಳಿ, ಮನಿಸಾದಲ್ಲಿ ಬೇಕಾಗುತ್ತೆ. ಮಧ್ಯಾಹ್ನ ಅಲ್ಲೇ ಡೆನಿಜ್ಲಿ ಕಬಾಬ್ ತಿಂದ್ವಿ, ಕುರಿ ಮಾಂಸ ತಂದೂರಲ್ಲಿ ಬೇಯಿಸಿದ್ದು, ಚಮಚ ಫೋರ್ಕ್ ಕೊಡಲ್ಲ, ಕೈಯಲ್ಲೇ ತಿನ್ನೋ ಪದ್ಧತಿ, ನಮಗೆ ಹಬ್ಬ ಆಯ್ತು. ಊರಿನ ಹೊರಗೆ ಲಾವೊಡಿಕೇಯ ಅನ್ನೋ ಹಳೇ ರೋಮನ್ ಪಟ್ಟಣದ ಅವಶೇಷ ಇದೆ, ಎರಡು ಸಾವಿರ ವರ್ಷದ ಹಿಂದೆ ಸ್ಟ್ರಾಬೊ ಅನ್ನೋ ಗ್ರೀಕ್ ಭೂಗೋಳ ಬರಹಗಾರ ಇಲ್ಲಿನ ಕಪ್ಪು ಉಣ್ಣೆಯನ್ನ ಹೊಗಳಿ ಬರೆದಿದ್ದಾನೆ, ಅಂದ್ರೆ ಈ ಕಣಿವೆಗೆ ಬಟ್ಟೆ ವ್ಯಾಪಾರ ಹೊಸದೇನಲ್ಲ.

ಮುಂದೆ ಇಜ್ಮಿರ್‌ಗೆ ರೈಲು. ದಯವಿಟ್ಟು ಬಸ್ ಬೇಡ, ರೈಲೇ ಹಿಡೀರಿ. ಸರಾಯ್‌ಕೋಯ್ ಹತ್ತಿರ ಕಿಜಿಲ್‌ದೆರೆ ಅಂತ ಜಾಗ, ಭೂಮಿ ಒಳಗಿನ ಬಿಸಿನೀರಿಂದ ಕರೆಂಟ್ ತೆಗೀತಾರೆ. ಸರ್ಕಾರ 1984ರಲ್ಲಿ ಶುರು ಮಾಡಿದ್ದು, 2008ರಲ್ಲಿ ಖಾಸಗಿಗೆ ಕೊಟ್ಟಾಗ ಜೊರ್ಲು ಕಂಪನಿ ತಗೊಂಡು ದೊಡ್ಡದು ಮಾಡ್ತು. ಪಾಮುಕ್ಕಲೆಯನ್ನ ಬೆಳ್ಳಗೆ ಮಾಡಿರೋ ಅದೇ ಸುಣ್ಣದ ಅಂಶ ಇಲ್ಲಿ ಬಾವಿ ಕೊಳವೆ ಒಳಗೆ ಕಟ್ಟಿಕೊಂಡು ಇಂಜಿನಿಯರುಗಳಿಗೆ ಕಾಟ ಕೊಡುತ್ತೆ. ಆಮೇಲೆ ನಾಜಿಲ್ಲಿ ಸ್ಟೇಷನ್. ಇಲ್ಲಿ ಸೋವಿಯತ್ ನೆರವಲ್ಲಿ ಸರ್ಕಾರ ಕಟ್ಟಿದ ಬಟ್ಟೆ ಗಿರಣಿ ಇತ್ತು, 1937ರಲ್ಲಿ ಟರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ ಅವರೇ ಬಂದು ಉದ್ಘಾಟನೆ ಮಾಡಿದ್ದು, ಕಾರ್ಮಿಕರನ್ನ ಕರೆದೊಯ್ಯೋಕೆ ಗಿಡಿ ಗಿಡಿ ಅಂತ ಪುಟ್ಟ ರೈಲು ಬೇರೆ. ಗಿರಣಿ ಮುಚ್ಚಿ ಈಗ ಅದು ಯೂನಿವರ್ಸಿಟಿ ಕ್ಯಾಂಪಸ್. ನನಗೆ ಬೇಜಾರಾಯ್ತು, ಒಂದು ತಲೆಮಾರಿನ ಜನಕ್ಕೆ ಕೆಲಸ ಕಲಿಸಿದ ಜಾಗ ಅದು.

ಇಜ್ಮಿರ್‌ನಿಂದ ಮನಿಸಾ ಹತ್ತಿರಾನೇ. ಅಲ್ಲಿರೋ ವೆಸ್ಟೆಲ್ ಸಿಟಿ, ಅಂದ್ರೆ ವೆಸ್ಟೆಲ್‌ನ ಫ್ಯಾಕ್ಟರಿಗಳ ಆವರಣ, ಹೊರಗಿಂದ ಮಾತ್ರ ನೋಡಿದ್ವಿ, ಆದ್ರೂ ಹೊರಗಿಂದಲೇ ದಂಗಾಗ್ತೀವಿ, ಹತ್ತು ಲಕ್ಷ ಚದರ ಮೀಟರಿಗೂ ಮೇಲಿನ ಜಾಗ, ಶಿಫ್ಟ್ ಬಿಡೋ ಹೊತ್ತಿಗೆ ಕಂಪನಿ ಬಸ್ಸುಗಳ ಸಾಲು ಮುಗಿಯೋದೇ ಇಲ್ಲ. ಇದನ್ನ ಜೊರ್ಲು ಶುರು ಮಾಡಿದ್ದಲ್ಲ. ಮೊದಲು ಇದು ಸೈಪ್ರಸ್ ಮೂಲದ ಅಸಿಲ್ ನಾದಿರ್ ಅವರ ಪಾಲಿ ಪೆಕ್ ಸಾಮ್ರಾಜ್ಯದ ಭಾಗ, ವಿಚಿತ್ರ ಏನಂದ್ರೆ ಅವರೂ ಲಂಡನ್‌ನಲ್ಲಿ ಸಿದ್ಧ ಉಡುಪಿನ ವ್ಯಾಪಾರದಿಂದಲೇ ಮೇಲೆ ಬಂದೋರು. 1990ರಲ್ಲಿ ಪಾಲಿ ಪೆಕ್ ಮುಳುಗಿತು, 1994ರಲ್ಲಿ ವೆಸ್ಟೆಲ್ ಅನ್ನ ಜೊರ್ಲು ಕೊಂಡರು. ಪರದೆ ಬಟ್ಟೆ ಮಾರೋರಿಗೆ ಟಿವಿ ಯಾಕೆ ಅಂತ ಕೇಳೋದು ಸಹಜ. ಆದ್ರೆ ವೆಸ್ಟೆಲ್ ಬೆಳೆದಿದ್ದು ಹೆಂಗೆ ನೋಡಿ, ಯುರೋಪಿನ ಕಂಪನಿಗಳಿಗೆ ಅವರವರ ಹೆಸರು ಹಾಕಿ ಟಿವಿ ಮಾಡಿಕೊಟ್ಟು. ಡೆನಿಜ್ಲಿಯ ಟವೆಲ್ ಲೇಬಲ್ ನೆನಪಾಯ್ತಾ? ಆರ್ಡರ್ ಹಿಡಿಯೋದು, ಹೇಳಿದ ದಿನಕ್ಕೆ ಕಳಿಸೋದು, ಕಮ್ಮಿ ಲಾಭದಲ್ಲೂ ನಿಭಾಯಿಸೋದು, ಈ ಕಸುಬು ಅವರ ಊರಿಗೇ ಗೊತ್ತಿತ್ತು.

ಕೊನೆಗೆ ಇಸ್ತಾಂಬುಲ್. ಜಿಂಜಿರ್ಲಿಕುಯುವಿನ ಜೊರ್ಲು ಸೆಂಟರ್‌ಗೆ ಮೆಟ್ರೋ ಸ್ಟೇಷನ್ನಿಂದ ಸುರಂಗದಲ್ಲೇ ನಡೆದು ಹೋಗಬಹುದು. ಹೆದ್ದಾರಿ ಇಲಾಖೆಯ ಜಾಗ ಇದು, 2007ರ ಹರಾಜಲ್ಲಿ 80 ಕೋಟಿ ಡಾಲರ್ ಕೊಟ್ಟು ತಗೊಂಡರು. ಅದರ ಹಿಂದಿನ ವರ್ಷವೇ ತಮ್ಮ ಡೆನಿಜ್‌ಬ್ಯಾಂಕ್ ಅನ್ನ ಯುರೋಪಿನ ಡೆಕ್ಸಿಯಾ ಬ್ಯಾಂಕಿಗೆ 200 ಕೋಟಿ ಡಾಲರಿಗೂ ಮೇಲೆ ಮಾರಿದ್ರು, ಹಾಗಾಗಿ ಕೈಯಲ್ಲಿ ದುಡ್ಡಿತ್ತು. 2013ರಲ್ಲಿ ತೆರೆದ ಮಾಲ್, ದೊಡ್ಡ ಥಿಯೇಟರ್, ಅಪಾರ್ಟ್‌ಮೆಂಟ್, ಎಲ್ಲ ಥಳಥಳ. ಅಷ್ಟೊತ್ತಿಗೆ ಸುತ್ತಾಡಿ ಸುಸ್ತಾಗಿತ್ತು, ಒಂದು ಕಾಫಿ ಕುಡಿದು ಹೊರಟ್ವಿ.

ಸಮಯ ಇದ್ದೋರು ಟ್ರಾಬ್ಜೋನ್ ಅನ್ನೂ ಸೇರಿಸಿಕೊಳ್ಳಿ, ನಮಗೆ ರಜೆ ಸಾಲಲಿಲ್ಲ. ಬಾಬಾದಾಗ್‌ಗೆ ಭಾನುವಾರ ಬಿಟ್ಟು ಬೇರೆ ದಿನ ಹೋಗಿ, ಮಗ್ಗ ಓಡ್ತಿರಬೇಕು, ಮತ್ತೆ ವಾಪಸ್ ಬರೋ ಕೊನೆ ಮಿನಿಬಸ್ ಎಷ್ಟೊತ್ತಿಗೆ ಅಂತ ಇಳಿಯೋವಾಗಲೇ ಡ್ರೈವರನ್ನ ಕೇಳಿಟ್ಟುಕೊಳ್ಳಿ.