ಒಂದೇ ಅರಿಶಿನದ ಹಾಲು

ಮಳೆ ಹಿಡಿದರೆ ಸಾಕು, ನಮ್ಮ ಮನೆಯಲ್ಲಿ ರಾತ್ರಿ ಎಲ್ಲರಿಗೂ ಅರಿಶಿನದ ಹಾಲು. ಅತ್ತೆಗೆ ಕುಡಿದ ಕೂಡಲೇ ಗಂಟಲು ಹಗುರ. ನಮ್ಮ ಯಜಮಾನರಿಗೆ ಹೊಟ್ಟೆ ಉಬ್ಬರ. ನನಗೆ ಏನೂ ಇಲ್ಲ, ಸುಮ್ನೆ ಬಿಸಿ ಹಾಲು ಕುಡಿದ ಹಾಗೆ.

"ನಿನಗೆ ನಂಬಿಕೆ ಇಲ್ಲ" ಅಂತಾರೆ ಅತ್ತೆ. ಇರಬಹುದು. ಆದರೆ ಯಜಮಾನರ ಉಬ್ಬರಕ್ಕೆ ಹಾಲೇ ಕಾರಣ ಅಂತ ನನ್ನ ಅನುಮಾನ. ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಅರಗಿಸುವ ಶಕ್ತಿ ದೊಡ್ಡವರಾದ ಮೇಲೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಅರಿಶಿನದ ಹಳದಿ ಅಂಶ ಕರ್ಕ್ಯುಮಿನ್ ಅಂತೂ ರಕ್ತಕ್ಕೆ ಸೇರುವುದೇ ತೀರಾ ಸ್ವಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ, ಕೊಟ್ಟು ನೋಡಿದ್ದರು. ಸುಮಾರು 20 ಪಟ್ಟು ಜಾಸ್ತಿ ಸೇರಿತ್ತು! (ನಮ್ಮ ಚಿಟಿಕೆ ಅರಿಶಿನದಲ್ಲಿ ಅಷ್ಟೆಲ್ಲ ಕರ್ಕ್ಯುಮಿನ್ ಇರಲ್ಲ ಬಿಡಿ.) ಅತ್ತೆ ತಮ್ಮ ಲೋಟಕ್ಕೆ ಮೆಣಸು ಕುಟ್ಟಿ ಹಾಕಿಕೊಳ್ಳುತ್ತಾರೆ, ನಾನು ಹಾಕಲ್ಲ.

ಅದೇ ಮೆಣಸಿನ ಅಂಶ ಕೆಲವು ಮಾತ್ರೆಗಳನ್ನೂ ಹೀಗೇ ಜಾಸ್ತಿ ಸೇರಿಸುತ್ತದೆ. ರಕ್ತ ತೆಳುವಾಗುವ ಮಾತ್ರೆ ನುಂಗುವ ನಮ್ಮ ಮಾವ, ಡಾಕ್ಟರನ್ನು ಕೇಳದೆ ಅರಿಶಿನ-ಮೆಣಸಿನ ಕ್ಯಾಪ್ಸೂಲ್ ತರಿಸಿದ್ದಾರೆ. ಡಬ್ಬಿ ಸದ್ಯಕ್ಕೆ ನನ್ನ ಬೀರುವಿನಲ್ಲಿದೆ. ಕೇಳಿದರೆ ಪಾರ್ಸೆಲ್ ಇನ್ನೂ ಬಂದಿಲ್ಲ, ಅಷ್ಟೇ.