ತೆರೆಯ ಮೇಲಿನ ಹೊಟ್ಟೆ, ನೀರಿನ ಲೆಕ್ಕ

ನಾಯಕ ಅಂಗಿ ಕಳಚುವ ದೃಶ್ಯದ ಹಿಂದೆ ಬಹಳಷ್ಟು ಸಲ ಇರುವುದು ನೀರಿನ ಲೆಕ್ಕ. ಸ್ನಾಯುವಿನಲ್ಲಿ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜೆನ್ (ದೇಹ ಶಕ್ತಿಗಾಗಿ ಕಾರ್ಬೋಹೈಡ್ರೇಟನ್ನು ಕೂಡಿಡುವ ರೂಪ) ಸುಮಾರು 3 ಗ್ರಾಂ ನೀರನ್ನು ಹಿಡಿದಿರುತ್ತದೆ. ಶೂಟಿಂಗಿಗೆ ಕೆಲವು ದಿನ ಮೊದಲು ಕಾರ್ಬೋಹೈಡ್ರೇಟ್, ಉಪ್ಪು, ಕೊನೆಗೆ ನೀರನ್ನೂ ಇಳಿಸಿದರೆ ಒಂದೆರಡು ಕಿಲೋ ಕರಗಿ ಹೊಟ್ಟೆಯ ಗೆರೆಗಳು ಎದ್ದು ಕಾಣುತ್ತವೆ. ಕರಗಿದ್ದು ಕೊಬ್ಬಲ್ಲ! ಕ್ಯಾಮೆರಾ ಚಾಲೂ ಆಗುವ ಮುನ್ನ ಒಂದಿಷ್ಟು ಪುಷ್‌ಅಪ್, ಪಕ್ಕದಿಂದ ಬೆಳಕು. ಹೊಟ್ಟೆತುಂಬ ಉಂಡು ನೀರು ಕುಡಿದರೆ ಒಂದೆರಡು ದಿನದಲ್ಲಿ ಆ ರೂಪ ಮಾಯ. ಅನುಕರಿಸಹೊರಟವರಿಗೆ ಸಿಗುವುದು ತಲೆಸುತ್ತು, ಸ್ನಾಯುಸೆಳೆತ. ಲವಣಾಂಶ ಏರುಪೇರಾದರೆ ಹೃದಯದ ಲಯವೂ ತಪ್ಪಬಹುದು.

ಈಚೆಗೆ ತಾರೆಯರ ಮಾತೆಲ್ಲ ಹಸಿವು ತಗ್ಗಿಸಿ ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿನದು. ನಿಲ್ಲಿಸಿದ ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಪಾಲು ಮರಳಿದ್ದು ಪ್ರಯೋಗದಲ್ಲೇ ಕಂಡಿದೆ. ಸಂದರ್ಶನಗಳಲ್ಲಿ ಅದು ಬರುವುದು ಕಡಿಮೆ.

ದೇಹದ ಆಕಾರ ತಿದ್ದಿದ ಜಾಹೀರಾತು ಚಿತ್ರಕ್ಕೆ ಫ್ರಾನ್ಸ್ 2017ರಲ್ಲಿ, ನಾರ್ವೆ 2022ರಲ್ಲಿ ಸೂಚನೆ ಕಡ್ಡಾಯ ಮಾಡಿದವು. ನೀರು ಬಸಿದ ದೇಹಕ್ಕೆ ಅಂಥ ಚೀಟಿ ಇನ್ನೂ ಇಲ್ಲ.