ಅಜ್ಜಿನೂ ನಲ್ಲರ್‌ಬೋರ್‌ನ್ಯಾಗ ಇರ್ತಾಳೇನು?

ದಕ್ಷಿಣ ಆಸ್ಟ್ರೇಲಿಯಾದ ಸೆಡೂನಾ ಊರು ಮುಟ್ಟಿದ ಸಂಜೆ ಮಗಳು ಕೇಳಿದ ಪ್ರಶ್ನೆ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ನಲ್ಲರ್‌ಬೋರ್ ಎಂಬ ನೀರಿಲ್ಲದ ದೊಡ್ಡ ಬಯಲು ದಾಟಿ ಬಂದಿದ್ದೆವು. ಸಿಗ್ನಲ್ ಸಿಕ್ಕ ಕೂಡಲೇ ಗದಗ-ಬೆಟಗೇರಿಯ ತವರಿಗೆ ವಿಡಿಯೋ ಕಾಲ್ ಹಚ್ಚಿದೆ. ತಾನು ಕಂಡ ತಿಮಿಂಗಿಲದ ಸುದ್ದಿ ಹೇಳಲು ಮಗಳು ಬಾಯಿ ತೆರೆಯುವಷ್ಟರಲ್ಲಿ ಅವ್ವ ದಡಬಡಿಸಿ ಎದ್ದಳು. “ಯವ್ವಾ, ನಳಾ ಬಂತು! ಇಡ್ತೀನಿ, ಆಮ್ಯಾಲೆ ಮಾಡು.” ಕಾಲ್ ಕಟ್ಟಾಯಿತು. ಮಗಳು ನನ್ನ ಮುಖ ನೋಡಿ ಕೇಳಿದಳು: “ಮಮ್ಮಿ, ಅಜ್ಜಿನೂ ನಲ್ಲರ್‌ಬೋರ್‌ನ್ಯಾಗ ಇರ್ತಾಳೇನು?”

ತಮಾಷೆಗೆ ಕೇಳಿದ್ದಲ್ಲ ಅದು. ದಾರಿಯುದ್ದಕ್ಕೂ ಅವಳ ಕಿವಿಗೆ ಬಿದ್ದದ್ದು ನೀರಿನ ಮಾತೇ. ಮುಖ ತೊಳೆಯಲು ಇಷ್ಟೇ, ಕುಡಿಯುವ ಕ್ಯಾನು ಮುಟ್ಟಬೇಡ, ಇಲ್ಲಿ ನೀರು ಸಿಗುವುದಿಲ್ಲ, ಮುಂದಿನ ರೋಡ್‌ಹೌಸ್‌ನಲ್ಲೂ ಕೇಳುವಂತಿಲ್ಲ. ನೀರು ಬಂದಿತೆಂದು ಫೋನ್ ಕೆಳಗಿಟ್ಟು ಓಡುವ ಮನುಷ್ಯರು ಎಂಥ ಊರಿನಲ್ಲಿರಬೇಕು ಅನ್ನುವುದನ್ನು ಅವಳು ತನಗೆ ಗೊತ್ತಿದ್ದುದರಿಂದಲೇ ಲೆಕ್ಕ ಹಾಕಿದ್ದಳು.

ಪರ್ತ್‌ನಿಂದ ಅಡಿಲೇಡ್‌ಗೆ ಸುಮಾರು 2,700 ಕಿಲೋಮೀಟರ್. ವಿಮಾನದಲ್ಲಿ ಮೂರು ತಾಸಿನ ಆಚೀಚೆ. ಜುಲೈ ರಜೆಯಲ್ಲಿ ಕಾರಿನಲ್ಲೇ ಹೋಗಬೇಕೆಂದು ಹಟ ಹಿಡಿದವಳು ನಾನು. ಇಷ್ಟು ವರ್ಷ ಇದ್ದೂ ಈ ದೇಶದ ಒಂದು ಅಂಚನ್ನಷ್ಟೇ ನೋಡಿದ್ದೆ. ನಾವಿರುವ ಪಶ್ಚಿಮ ಆಸ್ಟ್ರೇಲಿಯಾ ಒಂದೇ ರಾಜ್ಯ, ಕರ್ನಾಟಕದಂಥ ಹದಿಮೂರು ರಾಜ್ಯ ಹಿಡಿಯುವಷ್ಟು ದೊಡ್ಡದು. ಜನ ಮಾತ್ರ ನಮ್ಮ ಗದಗ ಜಿಲ್ಲೆಯ ಮೂರು ಪಟ್ಟಿನಷ್ಟು, ಅವರಲ್ಲೂ ಹೆಚ್ಚಿನವರು ಪರ್ತ್‌ನ ಸುತ್ತಲೇ. ಉಳಿದದ್ದೆಲ್ಲ ಬಯಲು.

ಆ ಬಯಲನ್ನು ಬರೀ ಹೊಗಳಿದರೆ ಸುಳ್ಳಾಗುತ್ತದೆ. ನಾರ್ಸ್‌ಮನ್ ಬಿಟ್ಟ ಮೇಲೆ ಸೆಡೂನಾದವರೆಗೆ 1,200 ಕಿಲೋಮೀಟರ್, ನಡುವೆ ಊರು ಅನ್ನುವಂಥ ಊರಿಲ್ಲ. ಬಾಲಡೋನಿಯಾ, ಕೈಗೂನಾ, ಕಾಕಲ್‌ಬಿಡಿ ಎಂದು ನಕಾಶೆಯಲ್ಲಿ ದಪ್ಪ ಅಕ್ಷರದಲ್ಲಿರುವುದೆಲ್ಲ ಪೆಟ್ರೋಲ್ ಪಂಪು, ನಾಲ್ಕು ಕೋಣೆ, ಒಂದು ಕ್ಯಾಂಟೀನು. ಪೆಟ್ರೋಲಿನ ದರ ಕೇಳಿ ನಮ್ಮನೆಯವರು ಮತ್ತೊಮ್ಮೆ ಫಲಕ ನೋಡಿದರು. ಹೊತ್ತು ಮುಳುಗಿದ ಮೇಲೆ ಕಾಂಗರೂ ರಸ್ತೆಗೆ ಜಿಗಿಯುತ್ತವೆ, ಗಾಡಿ ಓಡಿಸುವಂತಿಲ್ಲ. ಕೈಗೂನಾ ದಾಟಿದ ಮೇಲೆ ಗಡಿಯಾರವನ್ನು ಮುಕ್ಕಾಲು ತಾಸು ಮುಂದಿಡಬೇಕು. ಸೆಡೂನಾ ತಪಾಸಣೆಯಲ್ಲಿ ಹಣ್ಣಿನ ನೊಣದ ಭಯಕ್ಕೆ ಉಳಿದಿದ್ದ ನಿಂಬೆಹಣ್ಣು, ಟೊಮ್ಯಾಟೊ ತೆಗೆದುಕೊಂಡರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ನಮ್ಮವೇ ಉಳಿದವು. ಇಂಥ ದಾರಿಗೆಂದೇ ನಮ್ಮ ಹಿರಿಯರು ಖಡಕ್ ರೊಟ್ಟಿ ಬಡಿದಿರಬೇಕು.

ಆದರೂ ಕೊಟ್ಟದ್ದು ದೊಡ್ಡದು. ಬಾಲಡೋನಿಯಾದಿಂದ ಕೈಗೂನಾದವರೆಗೆ 146.6 ಕಿಲೋಮೀಟರ್ ರಸ್ತೆ ಎಲ್ಲೂ ತಿರುಗುವುದಿಲ್ಲ. ಹತ್ತಿರ ಹತ್ತಿರ ಗದಗದಿಂದ ಬೆಳಗಾವಿ ಮುಟ್ಟುವಷ್ಟು ದೂರ. ಅಲ್ಲಲ್ಲಿ ಡಾಂಬರಿನ ಮೇಲೆಯೇ ವಿಮಾನದ ಗುರುತು ಬಳಿದಿದ್ದಾರೆ. ದಾರಿಯಲ್ಲಿ ಯಾರಿಗಾದರೂ ಜೀವಕ್ಕೆ ಕುತ್ತು ಬಂದರೆ ಫ್ಲೈಯಿಂಗ್ ಡಾಕ್ಟರ್ ವಿಮಾನ ಅಲ್ಲೇ ಇಳಿಯುತ್ತದೆ. ಎದುರು ಬರುವ ಪ್ರತಿ ಚಾಲಕ ಸ್ಟೇರಿಂಗ್‌ನಿಂದ ಬೆರಳೆತ್ತಿ ನಮಸ್ಕಾರ ಹೇಳುತ್ತಾನೆ. “ಇವ್ರು ನಮ್ಮ ಗುರುತಿನೋರೇನು?” ಎಂದು ಮಗಳು ಮೊದಮೊದಲು ಕೇಳಿದಳು, ಆಮೇಲೆ ತಾನೂ ಕೈ ಎತ್ತತೊಡಗಿದಳು. ಫೋಟೋ ತೆಗೆಯಲು ಗಾಡಿ ಬದಿಗೆ ಹಾಕಿದರೆ ಹಿಂದಿನಿಂದ ಬಂದ ಕ್ಯಾರವಾನಿನ ಮುದುಕ ನಿಲ್ಲಿಸಿ, ಏನಾದರೂ ತೊಂದರೆಯೇ, ನೀರಿದೆಯೇ ಎಂದು ವಿಚಾರಿಸಿಯೇ ಮುಂದೆ ಹೋದ. ಬಂಡಾ ಕ್ಲಿಫ್ಸ್‌ನಲ್ಲಿ ನೆಲ ಒಮ್ಮೆಲೇ ಕಡಿದು ನಿಲ್ಲುತ್ತದೆ, ಕೆಳಗೆ ದಕ್ಷಿಣ ಸಾಗರ. ಹೆಡ್ ಆಫ್ ಬೈಟ್‌ನಲ್ಲಿ ತಾಯಿ ತಿಮಿಂಗಿಲದ ಮಗ್ಗುಲಲ್ಲೇ ಮರಿ ತೇಲುತ್ತಿತ್ತು. ಅದನ್ನು ಅಜ್ಜಿಗೆ ಹೇಳಬೇಕೆಂದೇ ಮಗಳು ಕಾದಿದ್ದಳು.

ಈಗ ದಾರಿಯ ಆರಂಭದಲ್ಲಿ ಕಂಡ ಒಂದು ಕೊಳವೆಯ ಮಾತು. ಪರ್ತ್‌ನಿಂದ ಕಾಲ್ಗೂರ್ಲಿಗೆ ಹೋಗುವಾಗ ಹೆದ್ದಾರಿಯ ಪಕ್ಕದಲ್ಲೇ ದಪ್ಪನೆಯ ನೀರಿನ ಕೊಳವೆ ಗಂಟೆಗಟ್ಟಲೆ ಜೊತೆಗಿರುತ್ತದೆ. 1893ರಲ್ಲಿ ಕಾಲ್ಗೂರ್ಲಿಯಲ್ಲಿ ಬಂಗಾರ ಸಿಕ್ಕಿತು, ಸಾವಿರಾರು ಜನ ನುಗ್ಗಿದರು. ಕುಡಿಯಲು ನೀರಿಲ್ಲ, ಟೈಫಾಯ್ಡ್‌ಗೆ ಜನ ಸತ್ತರು. ಸಿ. ವೈ. ಓ’ಕಾನರ್ ಎಂಬ ಎಂಜಿನಿಯರ್ ಪರ್ತ್ ಬಳಿಯ ಮುಂಡಾರಿಂಗ್‌ನಲ್ಲಿ ಅಣೆಕಟ್ಟು ಕಟ್ಟಿ, ಎಂಟು ಪಂಪಿಂಗ್ ಸ್ಟೇಷನ್ ಇಟ್ಟು, ಉಗಿಯಂತ್ರದಿಂದ 530 ಕಿಲೋಮೀಟರ್ ದೂರಕ್ಕೆ, ಅದೂ ಏರಿನ ಮೇಲೆ, ನೀರು ಒಯ್ಯುವ ಯೋಜನೆ ಮಾಡಿದ. ಪತ್ರಿಕೆಗಳೂ ರಾಜಕಾರಣಿಗಳೂ ಅವನ ಮೇಲೆ ಮುಗಿಬಿದ್ದರು. 1902ರಲ್ಲಿ ಅವನು ತನ್ನ ಜೀವ ತಾನೇ ಕಳೆದುಕೊಂಡ. 1903ರ ಜನವರಿಯಲ್ಲಿ ನೀರು ಕಾಲ್ಗೂರ್ಲಿ ಮುಟ್ಟಿತು. ಗದಗಿನ ಅರ್ಧದಷ್ಟೂ ಮಳೆಯಾಗದ ಆ ಊರಿನಲ್ಲಿ ಇವತ್ತಿಗೂ ನಳ ತಿರುಗಿಸಿದರೆ ಮುಂಡಾರಿಂಗ್ ನೀರು ಬರುತ್ತದೆ. ಬಂಗಾರದ ಆಸೆಗೆ ಮಾಡಿದ ಕೆಲಸ, ಒಪ್ಪುತ್ತೇನೆ. ಅವರು ಬರುವ ಎಷ್ಟೋ ಮೊದಲೇ ಅಲ್ಲಿನ ಮೂಲನಿವಾಸಿಗಳು ಕಲ್ಲುಬಂಡೆಯ ಗುಂಡಿಗಳಲ್ಲಿ ಮಳೆನೀರು ಹಿಡಿದು, ಆರದಂತೆ ಮೇಲೆ ಚಪ್ಪಡಿ ಮುಚ್ಚಿ ಬದುಕಿದ್ದರು. ಆ ಕೊಳವೆಯ ಬದಿಯಲ್ಲಿ ನಿಂತಾಗ ಇದೂ ನೆನಪಿರಬೇಕು.

ಮುಂಡರಗಿ ತಾಲೂಕಿನ ಹಮ್ಮಿಗಿಯಿಂದ ನಮ್ಮ ಊರಿಗೆ ತುಂಗಭದ್ರೆಯ ನೀರು ಬರಬೇಕಾದ ದೂರ ಆ ಕೊಳವೆಯ ಉದ್ದದ ಎಂಟನೆಯ ಒಂದು ಪಾಲಿನ ಆಸುಪಾಸು. ಅಷ್ಟಕ್ಕೆ ಅವ್ವನ ಓಣಿಗೆ ಎಂಟು ದಿನಕ್ಕೊಮ್ಮೆ, ಬ್ಯಾಸಗಿಯಲ್ಲಿ ಹದಿನೈದು ದಿನಕ್ಕೊಮ್ಮೆ ನಳ ಬರುತ್ತದೆ. ಹೊತ್ತು ಗೊತ್ತಿಲ್ಲ. ನಡುರಾತ್ರಿ ಬಂದರೂ ಬಂತು. ನನ್ನ ಬಾಲ್ಯವೆಲ್ಲ ಅದರ ಸುತ್ತಲೇ ಕಳೆಯಿತು. ಕೊಡ, ಹಂಡೆ, ಬ್ಯಾರಲ್, ಕಡೆಗೆ ಚರಿಗೆಗಳನ್ನೂ ತುಂಬಬೇಕು. ನಳ ಬಂದ ದಿನ ಓಣಿಯ ಅರ್ಧ ಹುಡುಗಿಯರು ಸಾಲಿಗೆ ಬರುತ್ತಿರಲಿಲ್ಲ. ಗಂಡುಹುಡುಗರು ಬರುತ್ತಿದ್ದರು. ಇದು ನನಗೆ ಆಗಲೂ ಸಿಟ್ಟು ತರಿಸುತ್ತಿತ್ತು, ಈಗಲೂ ತರಿಸುತ್ತದೆ.

ನನ್ನನ್ನು ಹೆಚ್ಚು ನೋಯಿಸುವುದು ಬೇರೆಯೇ ಇದೆ. ಹುಬ್ಬಳ್ಳಿ 58 ಕಿಲೋಮೀಟರ್. ಅಲ್ಲಿ ಅವ್ವನ ಬೆನ್ನಿಗೆ ಬಿದ್ದ ತಂಗಿ ಇದ್ದಾಳೆ. ಒಂದು ರಾತ್ರಿ ತಂಗಿಯ ಮನೆಯಲ್ಲಿ ಉಳಿಯಬೇಕೆಂದರೆ ಅವ್ವ ಮೊದಲು ಕೇಳುವುದು, ನಳಾ ಯಾವತ್ತು ಬಂದಿತ್ತು, ಇನ್ನು ಯಾವತ್ತು ಬಂದೀತು ಎಂದು. ನೀರು ಬಿಡುವವನ ಮಾತಿನ ಮೇಲೆ ಅವಳ ಮದುವೆ, ಸೀಮಂತ, ಜಾತ್ರೆಗಳೆಲ್ಲ ನಿಂತಿವೆ. ನನ್ನ ಬಾಣಂತನಕ್ಕೆ ಪರ್ತ್‌ಗೆ ಬಂದಾಗಲೂ ಅಪ್ಪನಿಗೆ ಫೋನ್ ಮಾಡಿ ಮೊದಲು ಕೇಳುತ್ತಿದ್ದದ್ದು “ಊಟ ಆತೇನ್ರೀ” ಎಂದಲ್ಲ, “ನಳಾ ಬಂತೇನ್ರೀ” ಎಂದು. ಇಲ್ಲಿ ಮನುಷ್ಯರು ಕ್ಯಾನಿನಲ್ಲಿ ನೀರು ತುಂಬಿಕೊಂಡು ಖಂಡದ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ. ಎಪ್ಪತ್ತರ ಹತ್ತಿರ ಬಂದ ನಮ್ಮವ್ವ ನೀರಿಗಾಗಿ ಮನೆ ಬಿಟ್ಟು ಕದಲುವಂತಿಲ್ಲ. ಅವಳ ಮಟ್ಟಿಗೆ ಬೆಟಗೇರಿ–ಹುಬ್ಬಳ್ಳಿಯ ನಡುವಿನ ದಾರಿ ಈ ಬಯಲಿಗಿಂತ ಉದ್ದ.

ಹಾಗೆಂದು ನಮ್ಮ ನೆಲಕ್ಕೆ ನೀರಿನ ಬುದ್ಧಿ ಇರಲಿಲ್ಲವೆಂದರೆ ಒಪ್ಪಲಾರೆ. ಗದಗದಿಂದ ಹನ್ನೆರಡು ಕಿಲೋಮೀಟರಿನಾಚೆ ಲಕ್ಕುಂಡಿ ಇದೆ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಇಂದಿಗೂ ಹೇಳುವ ಊರು. 1007ರಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದು ಅಲ್ಲಿಯೇ. ಮಾಣಿಕೇಶ್ವರ ಗುಡಿಯ ಎದುರಿನ ಮುಸುಕಿನ ಬಾವಿಯ ಮೆಟ್ಟಿಲಿಳಿದರೆ ಏಪ್ರಿಲ್ ಬಿಸಿಲಲ್ಲೂ ಕಾಲು ತಣ್ಣಗಾಗುತ್ತದೆ. ಮೆಟ್ಟಿಲಿಗೊಂದು ಪುಟ್ಟ ಗೂಡು, ಗೂಡಿಗೊಂದು ಕೆತ್ತನೆ. ನೀರಿಗೆ ಅಷ್ಟು ಮರ್ಯಾದೆ ಕೊಟ್ಟವರ ಮೊಮ್ಮಕ್ಕಳು ನಾವು.

ಅವತ್ತು ಮಗಳಿಗೆ, ಇಲ್ಲವ್ವಾ, ಅಜ್ಜಿಯ ಊರಿಗೆ ಹೊಳಿ ಹತ್ತಿರಾನ ಐತಿ ಅಂದೆ. “ಮತ್ತ ನೀರು ಯಾಕ ಬರೂದಿಲ್ಲ?” ಅಂದಳು. ನಮ್ಮನೆಯವರು ಜನಸಂಖ್ಯೆ, ಕರೆಂಟು, ಒಡೆದ ಪೈಪು ಎಂದೆಲ್ಲ ತಿಳಿಸಿ ಹೇಳಿದರು. ಅವಳು ಒಪ್ಪಲಿಲ್ಲ. ಬಂಗಾರದೂರಿಗೆ ಅಷ್ಟು ದೂರದಿಂದ ಒಯ್ದಾರಲ್ಲ ಎಂದು ಕೊಳವೆಯನ್ನೇ ಮುಂದೆ ಮಾಡಿದಳು.

ಡಿಸೆಂಬರ್‌ನಲ್ಲಿ ಊರಿಗೆ ಬರುತ್ತೇವೆ. ಈ ಸಲ ಅವ್ವನನ್ನೂ ಕರೆದುಕೊಂಡು ಹಮ್ಮಿಗಿಗೆ ಹೋಗಿ ಮೊದಲು ಹೊಳೆ ನೋಡುತ್ತೇವೆ. ಅಲ್ಲಿಂದ ನೀರು ಬರುವ ದಾರಿ ಹಿಡಿದು, ಎಲ್ಲಿ ಸೋರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತ ಬೆಟಗೇರಿಯ ನಮ್ಮ ಓಣಿಯವರೆಗೆ ಬರಬೇಕೆಂದಿದ್ದೇವೆ. ಆ ದಿನ ನಳ ಬಂದರೆ ತುಂಬಿಡಲು ಎದುರುಮನೆಯ ಅಕ್ಕನಿಗೆ ಈಗಲೇ ಹೇಳಿಟ್ಟಿದ್ದೇನೆ.